ನಮ್ಮ ಬೀದಿಯ ಹೊಂಗೆ ಮರಗಳ ಪರವಾಗಿ ಒಂದು ಬಹಿರಂಗ ಪತ್ರ

ನಮ್ಮ ವಾರ್ಡಿನ ಮರ, ಪಾರ್ಕು, ಕಸ, ರಸ್ತೆ, ಕರೆಂಟು ನೋಡಿಕೊಳ್ಳುವ ಅಧಿಕಾರಿಗಳಿಗೆ, ಹಾಗೇ ನಮ್ಮ ಬೀದಿಯ ಅಕ್ಕಪಕ್ಕದವರಿಗೆ,

ನಮಸ್ಕಾರ.

ಈ ಪತ್ರ ಯಾರಿಗೆ ಬರೆಯಬೇಕು ಅಂತ ಯೋಚಿಸುವುದರಲ್ಲೇ ಎರಡು ವಾರ ಹೋಯಿತು. ಮರ ಕಡಿಯುವ ವಿಚಾರ ಅರಣ್ಯ ವಿಭಾಗದ್ದು. ಆ ಮರದ ಎಲೆ ರಸ್ತೆಗೆ ಬಿದ್ದರೆ ಕಸದವರದ್ದು. ಅದೇ ಎಲೆ ಗಾಳಿಗೆ ಹಾರಿ ಪಾರ್ಕಿನ ಒಳಗೆ ಬಿದ್ದರೆ ತೋಟಗಾರಿಕೆಯವರದ್ದು. ಬುಡಕ್ಕೆ ಕಾಂಕ್ರೀಟು ಹಾಕುವುದು ಫುಟ್‌ಪಾತ್ ಗುತ್ತಿಗೆದಾರರು, ಕೊಂಬೆ ಕತ್ತರಿಸುವುದು ಕರೆಂಟಿನವರು. ಮರದಲ್ಲಿ ಹೆಜ್ಜೇನು ಕಟ್ಟಿದರೆ ಯಾರಿಗೆ ಫೋನ್ ಮಾಡಬೇಕು ಅಂತ ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಕಾರ್ಪೊರೇಟರ್ ಹತ್ತಿರ ಹೋಗಿ ಹೇಳೋಣ ಅಂದರೆ, ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ಗೆ ಅವರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಇದ್ದಿದ್ದು ಐದಾಯಿತು, ಹಳೇ ಫೋನ್ ನಂಬರುಗಳೂ ಕೆಲಸಕ್ಕೆ ಬಾರದಂತಾದವು. ಅದಕ್ಕೇ ಎಲ್ಲರಿಗೂ ಒಟ್ಟಿಗೆ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆಯ ಒಂದು ಅಡ್ಡರಸ್ತೆ. ನಾನು ಮದುವೆಯಾಗಿ ಈ ಬೀದಿಗೆ ಬಂದಾಗ 31 ಹೊಂಗೆ ಮರ ಇದ್ದವು. ಎಣಿಸಿದ್ದು ನಾನಲ್ಲ, ನಮ್ಮ ಮಾವ. ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಎಣಿಸುವುದು ಅವರ ಅಭ್ಯಾಸ. ಈಗ ಎಣಿಸುವವಳು ನಾನು, 23 ಇವೆ. ಹೋದ ಎಂಟರಲ್ಲಿ ಎರಡು ಮಳೆಗಾಲಕ್ಕೆ ಉರುಳಿದವು. ಮಿಕ್ಕ ಆರೂ ಒಂದೊಂದಾಗಿ ಹೋದವು: ಒಂದು ಗೇಟಿಗೆ ಅಡ್ಡ ಅಂತ, ಒಂದು ಅಂಗಡಿ ಬೋರ್ಡು ಕಾಣಲ್ಲ ಅಂತ, ಒಂದು ಯಾಕೆ ಅಂತಲೇ ಗೊತ್ತಾಗದೆ ಬುಡದಲ್ಲಿ ಒಣಗಿ.

ಬೆಂಗಳೂರಿನ ಮರಗಳು ಅಂದರೆ ಎಲ್ಲರೂ ಲಾಲ್‌ಬಾಗ್, ಕಬ್ಬನ್ ಪಾರ್ಕ್ ಅನ್ನುತ್ತಾರೆ. ಫೆಬ್ರವರಿ ಬಂತು ಅಂದರೆ ಗುಲಾಬಿ ಬಣ್ಣದ ತಬೂಬಿಯಾ ಫೋಟೋಗಳು ಮೊಬೈಲ್ ತುಂಬಾ. ನನಗೂ ಅದು ಇಷ್ಟವೇ. ಆದರೆ ತಬೂಬಿಯಾ ಅಮೆರಿಕ ಖಂಡದಿಂದ ಬಂದ ಮರ, ಹೊಂಗೆ ನಮ್ಮ ನೆಲದ್ದು. ಹೂ ಬಿಟ್ಟಾಗ ಹತ್ತಿರ ಹೋಗಿ ನಿಂತರೆ ಮಾತ್ರ ಕಾಣುವಷ್ಟು ಚಿಕ್ಕ, ತಿಳಿ ನೇರಳೆ ಮಿಶ್ರಿತ ಬಿಳಿ ಹೂವು. ಅದರ ಫೋಟೋ ಯಾರೂ ಹಾಕಲ್ಲ. ನಮ್ಮ ಅಜ್ಜಿಯ ಊರಿನಲ್ಲಿ ಹೊಂಗೆ ಎಣ್ಣೆಯಲ್ಲೇ ದೀಪ ಹಚ್ಚುತ್ತಿದ್ದರು, ಹೊಂಗೆ ಹಿಂಡಿ ತೋಟಕ್ಕೆ ಹಾಕುತ್ತಿದ್ದರು, ನಾಟಿಗೆ ಮುಂಚೆ ಹೊಂಗೆ ಸೊಪ್ಪು ಗದ್ದೆಗೆ ತುಳಿಯುತ್ತಿದ್ದರು. ಅದೇ ಸೊಪ್ಪನ್ನು ನಾವು ಬೆಂಗಳೂರಿನಲ್ಲಿ ಕಸ ಅಂತ ಕರೆದು ಬೆಂಕಿ ಇಡುತ್ತಿದ್ದೇವೆ.

ನನ್ನ ಮುಖ್ಯ ಮಾತು ಇಲ್ಲೇ ಇದೆ. ಮರ, ಜೇನು, ಕಸ ಅಂತ ನೀವು ಮೂರು ಫೈಲು ಮಾಡಿಕೊಂಡಿದ್ದೀರಿ. ನಮ್ಮ ಬೀದಿಯಲ್ಲಿ ಅದು ಒಂದೇ ವಿಷಯ. ಒಂದು ಹೊಂಗೆ ಮರದ ಒಂದು ವರ್ಷ ನೋಡಿದರೆ ಸಾಕು. ಜನವರಿ, ಫೆಬ್ರವರಿಯಲ್ಲಿ ಎಲೆ ಉದುರುತ್ತದೆ. ಕೆಲವೇ ದಿನ ಬೋಳಾಗಿದ್ದು, ಮತ್ತೆ ಎಳೆ ಹಸಿರು ಚಿಗುರು ಬರುತ್ತದೆ, ಬಿಸಿಲಿಗೆ ಹಿಡಿದರೆ ಆ ಕಡೆಯ ಬೆಳಕು ಕಾಣುವಷ್ಟು ತೆಳು. ಯುಗಾದಿಯ ಆಸುಪಾಸಿನಲ್ಲಿ ಹೂವು, ಹೂವಿಗೆ ಜೇನು. ಬೆಳಿಗ್ಗೆ ಗೇಟು ತೆಗೆದರೆ ರಸ್ತೆ ಮೇಲೆ ಪುರಿ ಚೆಲ್ಲಿದ ಹಾಗೆ ಹೂ ಬಿದ್ದಿರುತ್ತದೆ, ತಲೆ ಮೇಲೆ ಇಡೀ ಮರ ಗುಂಯ್ ಅನ್ನುತ್ತಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಳ್ಳುಗಾಡಿ ತರಕಾರಿಯವರಿಂದ ಹಿಡಿದು ಡೆಲಿವರಿ ಹುಡುಗರ ತನಕ ಎಲ್ಲರೂ ನಿಲ್ಲುವುದು ಆ ಮರದ ಕೆಳಗೇ.

ಈಗ ಮರದ ಈ ಒಂದು ವರ್ಷ ನಮ್ಮ ಬೀದಿಯಲ್ಲಿ ನಿಜವಾಗಿ ಹೇಗೆ ನಡೆಯುತ್ತಿತ್ತು ಹೇಳುತ್ತೇನೆ.

ಎಲೆ ಉದುರುವ ಕಾಲಕ್ಕೆ ಬೆಳಿಗ್ಗೆ ಆರೂವರೆಗೆಲ್ಲ ಹೊಗೆ ಶುರು. ಗುಡಿಸಿದ ಎಲೆಯನ್ನು ಮರದ ಬುಡಕ್ಕೇ ಗುಡ್ಡೆ ಹಾಕಿ ಬೆಂಕಿ ಕೊಡುತ್ತಿದ್ದರು. ಎಲೆ ಜೊತೆಗೆ ಹಾಲಿನ ಕವರು, ಚಿಪ್ಸ್ ಪ್ಯಾಕೆಟ್ಟು ಎಲ್ಲ ಸೇರಿ ಉರಿಯುತ್ತಿತ್ತು. ಎದುರು ಮನೆಯ ಮಗುವಿಗೆ ವೀಸಿಂಗ್. ಮರದ ತೊಗಟೆ ಒಂದು ಕಡೆ ಸುಟ್ಟು ಕಪ್ಪಾಗಿ ಬಿರಿಯುತ್ತಿತ್ತು. ತೊಗಟೆಯ ಒಳಪದರದಲ್ಲೇ ಮರದ ಆಹಾರ ಓಡಾಡುವುದು, ವರ್ಷ ವರ್ಷ ಅದೇ ಜಾಗ ಸುಟ್ಟರೆ ಗಾಯ ಮಾಯುವುದಿಲ್ಲ, ಆ ಬಿರುಕಿನಿಂದಲೇ ಗೆದ್ದಲು, ಶಿಲೀಂಧ್ರ ಒಳಗೆ ಹೋಗುತ್ತದೆ. ಆಮೇಲೆ ಯಾವುದೋ ಮೇ ತಿಂಗಳ ಮಳೆಗೆ ಆ ಮರ ಬೀಳುತ್ತದೆ, ಬಿದ್ದಾಗ ನಾವು ಬಿರುಗಾಳಿಯನ್ನು ಬೈಯುತ್ತೇವೆ.

ನಾನು ಮೊದಲು ಜಗಳ ಆಡಿದ್ದು ರಸ್ತೆ ಗುಡಿಸುವ ಅಕ್ಕನ ಜೊತೆ. ಇವತ್ತಿಗೂ ಅದು ನನಗೆ ನೋವು ಕೊಡುತ್ತದೆ. ಅವರು ಪೊರಕೆ ಗೋಡೆಗೆ ಒರಗಿಸಿ, ಸಿಟ್ಟಿಲ್ಲದೆ ಹೇಳಿದರು: "ಅಮ್ಮ, ಸುಡಬೇಡ ಅಂತೀರಿ ಸರಿ. ಗಾಡಿಯವರು ಎಲೆ ತಗೊಳಲ್ಲ ಅಂತಾರೆ. ಬಿಟ್ಟು ಹೋದ್ರೆ ಮೇಸ್ತ್ರಿ ಬೈತಾರೆ. ಎಲ್ಲಿಗೆ ಹಾಕ್ಲಿ ಹೇಳಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲೆ ಸುಡಬಾರದು ಅನ್ನುವುದು 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು, ಕಸವನ್ನು ಬೀದಿಯಲ್ಲಿ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ ಅಂತ. ಆದರೆ ಎಲೆ ಹಾಕುವುದಕ್ಕೆ ಒಂದು ಜಾಗ ಕೊಡದೆ, ಬೆಂಕಿಪೊಟ್ಟಣ ಹಿಡಿದ ಕೈಯನ್ನು ಮಾತ್ರ ತಪ್ಪು ಅನ್ನುವುದು ನ್ಯಾಯ ಅಲ್ಲ. ಅವರ ಪ್ರಶ್ನೆ ಸರಿಯಾಗಿತ್ತು. ಅದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ವರ್ಷ ನಾವು ಆರು ಮನೆಯವರು ಸೇರಿ ಒಂದು ಪ್ರಯತ್ನ ಮಾಡಿದೆವು. ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿ ತಂದು, ನಾಲ್ಕು ಅಡಿ ಅಗಲದ ಒಂದು ದುಂಡನೆ ಪಂಜರ ಮಾಡಿ, ಬೀದಿ ಕೊನೆಯ ಖಾಲಿ ಸೈಟಿನಲ್ಲಿ ಸೈಟಿನವರನ್ನು ಕೇಳಿಕೊಂಡು ನಿಲ್ಲಿಸಿದೆವು. ಒಂದು ಪದರ ಎಲೆ, ಮೇಲೆ ಸಗಣಿ ಬಗ್ಗಡ, ಹುಳಿ ಮಜ್ಜಿಗೆ, ಒಂದು ತಂಬಿಗೆ ಬೆಲ್ಲದ ನೀರು, ಮತ್ತೆ ಎಲೆ, ಹತ್ತಿ ತುಳಿಯುವುದು. ಮಕ್ಕಳಿಗೆ ಆ ತುಳಿಯುವ ಕೆಲಸ ಅಂದರೆ ಹಬ್ಬ. ಮೊದಲ ಸಲ ತಪ್ಪು ಮಾಡಿದೆವು, ನೀರು ಹಾಕಿದ್ದು ಕಡಿಮೆಯಾಗಿ ಎರಡು ತಿಂಗಳಾದರೂ ಎಲೆ ಎಲೆಯಾಗಿಯೇ ಇತ್ತು. ಒಣ ಎಲೆ ತಾನಾಗಿ ಕೊಳೆಯುವುದು ನಿಧಾನ. ಅದಕ್ಕೆ ತೇವ ಬೇಕು, ಒಂದಿಷ್ಟು ಹಸಿರು ಸೊಪ್ಪೋ ಹುಲ್ಲೋ ಸಗಣಿಯೋ ಬೇಕು. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ಲೆಕ್ಕ. ಎರಡನೇ ಸಲ ನಾಲ್ಕೂವರೆ ತಿಂಗಳಿಗೆ ಕಪ್ಪಗೆ, ಹುಡಿ ಹುಡಿಯಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಬಂತು. ಎದೆಮಟ್ಟ ತುಂಬಿಸಿದ್ದ ಎಲೆ ಮೊಣಕಾಲಿಗೆ ಇಳಿದಿತ್ತು. ಅದನ್ನು ಅದೇ ಮರಗಳ ಬುಡಕ್ಕೆ ಹಾಕಿದೆವು. ಮಿಕ್ಕಿದ್ದನ್ನು ಬೀದಿಯವರೇ ಜಗಳ ಆಡಿಕೊಂಡು ಕುಂಡಗಳಿಗೆ ತೆಗೆದುಕೊಂಡು ಹೋದರು.

ಇದರಲ್ಲಿ ನಾವು ಕಂಡುಹಿಡಿದಿದ್ದು ಏನೂ ಇಲ್ಲ. ಈ ಊರಿನಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಶುರುವಾಗಿದ್ದು 1975ರಲ್ಲಿ. ಎಚ್‌ಎಸ್‌ಆರ್ ಲೇಔಟಿನ ನಾಗರಿಕರು ಸ್ವಚ್ಛಾಗ್ರಹ ಕಲಿಕಾ ಕೇಂದ್ರ ಅಂತಲೇ ಮಾಡಿ, ಮನೆಯಲ್ಲಿ ಗೊಬ್ಬರ ಮಾಡುವ ಬಗೆಬಗೆಯ ವಿಧಾನ ತೋರಿಸುತ್ತಾರೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಮನೆ ಮನೆಗೆ ಕಲಿಸಿದ್ದರಲ್ಲಿ ಈ ಊರಿನ ಸ್ವಯಂಸೇವಕರ, ಚಿಂದಿ ಆಯುವವರ ದೊಡ್ಡ ಪಾಲಿದೆ. ಅದು ಎಷ್ಟು ಬೇಕಾದ ಕೆಲಸ ಅಂತ ಗೊತ್ತಾಗಿದ್ದು ನಮಗೆ ಬೀದಿಯಲ್ಲಿ ಕಸ ನಿಂತಾಗ. ಬೆಂಗಳೂರಿನ ಕಸ ತಂದು ಸುರಿಯುತ್ತಿದ್ದ ಮಂಡೂರು ಅನ್ನುವ ಹಳ್ಳಿಯ ಜನ ಸಾಕಾಗಿ 2014ರಲ್ಲಿ ಕಸದ ಲಾರಿಗಳಿಗೆ ಅಡ್ಡ ನಿಂತರು. ಅದಕ್ಕೆ ಮುಂಚೆ ಮಾವಳ್ಳಿಪುರದವರು. ನಮ್ಮ ಹೊಂಗೆ ಎಲೆ, ನಮ್ಮ ಪಾರ್ಕಿನ ಹುಲ್ಲು ಪ್ಲಾಸ್ಟಿಕ್ ಜೊತೆ ಸೇರಿ ಯಾವುದೋ ಹಳ್ಳಿಯ ಬಾವಿ ಪಕ್ಕ ಹೋಗಿ ಕೊಳೆಯಬೇಕಾ? ಬಿದ್ದ ಜಾಗದಿಂದ ಐವತ್ತು ಹೆಜ್ಜೆಯಲ್ಲಿ ಗೊಬ್ಬರವಾಗುವ ವಸ್ತು ಅದು.

ಆಮೇಲೆ ಆ ಖಾಲಿ ಸೈಟಿನಲ್ಲಿ ಮನೆ ಕಟ್ಟಿದರು. ಅವರ ಸೈಟು, ಅವರ ಹಕ್ಕು, ಬೇಜಾರಿಲ್ಲ. ನಮ್ಮ ಜಾಲರಿ ಈಗ ನಮ್ಮ ಕಾರ್ ಶೆಡ್ಡಿನಲ್ಲಿದೆ. ಪಾರ್ಕಿನ ಹಿಂದಿನ ಮೂಲೆಯಲ್ಲಿ, ಪಂಪ್‌ಹೌಸ್ ಪಕ್ಕ, ಯಾರೂ ಕೂರದ ಜಾಗ ಇದೆ. ಹತ್ತಡಿಗೆ ಹತ್ತಡಿ ಸಾಕು. ಮೂರು ಸಲ ಅರ್ಜಿ ಕೊಟ್ಟಿದ್ದೇವೆ. ಪಾರ್ಕು ಒಂದು ವಿಭಾಗದ್ದು, ರಸ್ತೆಯ ಎಲೆ ಇನ್ನೊಂದು ವಿಭಾಗದ್ದು, ಅವರ ಎಲೆ ಇವರ ಪಾರ್ಕಿಗೆ ಬರುವ ಹಾಗಿಲ್ಲ ಅಂತ ಉತ್ತರ ಬಂತು. ಸಾರ್, ಮೇಡಂ, ಮರ ಬೇರು ಬಿಟ್ಟಿರುವುದು ಎರಡೂ ಕಡೆ.

ಇನ್ನು ಜೇನಿನ ವಿಷಯ.

ಮೂರು ವರ್ಷದ ಹಿಂದೆ ಮಾರ್ಚ್‌ನಲ್ಲಿ ನಮ್ಮ ಹಿಂದಿನ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಸಜ್ಜೆ ಕೆಳಗೆ ಹೆಜ್ಜೇನು ಕಟ್ಟಿತು. ಮೊರದಷ್ಟು ದೊಡ್ಡ ಗೂಡು. ಜನರಿಗೆ ಭಯವಾಯಿತು. ಆ ಭಯ ಸುಳ್ಳು ಅಂತ ನಾನು ಹೇಳಲ್ಲ, ಹೆಜ್ಜೇನು ಕೆರಳಿ ನೂರಾರು ಒಟ್ಟಿಗೆ ಕಚ್ಚಿದರೆ ಪ್ರಾಣಕ್ಕೇ ಅಪಾಯ. ಆದರೆ ಆ ರಾತ್ರಿ ಕೀಟನಾಶಕ ಸಿಂಪಡಿಸುವವರನ್ನು ಕರೆಸಿ ಅಷ್ಟನ್ನೂ ಸಾಯಿಸಿಬಿಟ್ಟರು. ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ವಾಚ್‌ಮನ್ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ತುಂಬಿ ಹಾಕುತ್ತಿದ್ದರು. ಕೆಲವು ಇನ್ನೂ ರೆಕ್ಕೆ ಆಡಿಸುತ್ತಿದ್ದವು. ತುಪ್ಪ ತೊಟ್ಟಿಕ್ಕಿ ನೆಲ ಅಂಟು ಅಂಟಾಗಿತ್ತು. ಆ ತುಪ್ಪ ಹೀರಲು ಪಕ್ಕದ ಯಾವುದೋ ಗೂಡಿನ ತುಡುವೆ ಜೇನು ಬಂದು ಕೂತಿದ್ದವು, ಅದರಲ್ಲಿ ವಿಷ ಇದೆ ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು.

ಹೆಜ್ಜೇನು ವಲಸೆ ಹೋಗುವ ಹುಳು. ಹೂವಿನ ಕಾಲಕ್ಕೆ ಬರುತ್ತದೆ, ಹೂ ಮುಗಿದ ಮೇಲೆ ತಾನಾಗಿ ಹೊರಡುತ್ತದೆ. ನಮ್ಮ ಹೊಂಗೆ ಹೂ ಬಿಟ್ಟಿದ್ದಕ್ಕೆ ಬಂದ ಅತಿಥಿ ಅದು. ಮರುವರ್ಷ ಇನ್ನೊಂದು ಬಿಲ್ಡಿಂಗ್‌ನಲ್ಲಿ ಕಟ್ಟಿದಾಗ ನಾವು ಮೊದಲೇ ಹೋಗಿ ಅಸೋಸಿಯೇಷನ್ನಿನ ಜೊತೆ ಕೂತು ಮಾತಾಡಿದೆವು. ಮಾಡಿದ್ದು ಇಷ್ಟೇ. ಆ ಮೂಲೆಗೆ ಹಗ್ಗ ಕಟ್ಟಿ ಬೋರ್ಡು ಹಾಕಿದೆವು. ಮಕ್ಕಳು ಅಲ್ಲಿ ಕ್ರಿಕೆಟ್ ಆಡದ ಹಾಗೆ ನೋಡಿಕೊಂಡೆವು. ಆ ಬಾಲ್ಕನಿಯವರು ರಾತ್ರಿ ದೀಪ ಹಾಕಲಿಲ್ಲ, ಯಾಕಂದರೆ ಹೆಜ್ಜೇನು ರಾತ್ರಿ ಬೆಳಕಿಗೆ ಬಂದು ಮನೆಯೊಳಗೆ ನುಗ್ಗುತ್ತದೆ. ಹತ್ತಿರದಲ್ಲಿ ಹೊಗೆ, ಪಟಾಕಿ ಬೇಡ ಅಂದೆವು. ಎರಡು ತಿಂಗಳ ಮೇಲೆ ಸ್ವಲ್ಪ ದಿನ, ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಗೂಡು ಖಾಲಿ. ಒಬ್ಬರಿಗೂ ಕಚ್ಚಲಿಲ್ಲ. ಎಲ್ಲ ಕಡೆ ಹೀಗೇ ಆಗುತ್ತದೆ ಅಂತ ಅಲ್ಲ. ಶಾಲೆ, ಆಸ್ಪತ್ರೆ, ಓಡಾಡುವ ಮೆಟ್ಟಿಲು ಇದ್ದರೆ ತೆಗೆಯಲೇಬೇಕಾಗಬಹುದು. ಆಗಲೂ ಗೊತ್ತಿರುವವರನ್ನು ಕರೆಸಿ ಎಬ್ಬಿಸಬಹುದು, ವಿಷ ಹೊಡೆಯುವುದು ಬೇಡ.

ಹೆಜ್ಜೇನು ಒಂದೇ ಅಲ್ಲ. ಬೆಂಗಳೂರಿನಲ್ಲಿ ಮರದ ಪೊಟರೆಯಲ್ಲಿ, ಗೋಡೆ ಸಂದಿನಲ್ಲಿ ಇರುವ ತುಡುವೆ ಇದೆ. ಪೊದೆಯಲ್ಲಿ ಅಂಗೈಯಷ್ಟು ಗೂಡು ಕಟ್ಟುವ ಕೋಲುಜೇನು ಇದೆ. ಮೀಟರ್ ಬಾಕ್ಸಿನೊಳಗೆ ಸಂಸಾರ ಮಾಡುವ, ಕಚ್ಚುವುದಕ್ಕೆ ಕೊಂಡಿಯೇ ಇಲ್ಲದ ಪುಟ್ಟ ಮುಜಂಟಿ ಇದೆ, ಅದು ಬಾಗಿಲಿಗೆ ಮೇಣದ ಒಂದು ಕೊಳವೆ ಮಾಡಿಕೊಳ್ಳುತ್ತದೆ ನೋಡಿ, ಬೆರಗಾಗುತ್ತದೆ. ಒಂಟಿಯಾಗಿ ಬದುಕುವ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಇನ್ನೊಂದು ಹುಳು, ಇವು ಟೊಮೆಟೊ, ಬದನೆ ಹೂವನ್ನು ಹಿಡಿದು ಜೋರಾಗಿ ರೆಕ್ಕೆ ಸ್ನಾಯು ಅದುರಿಸಿ ಪರಾಗ ಉದುರಿಸುತ್ತವೆ, ಜೇನುಹುಳಕ್ಕೆ ಆ ಕೆಲಸ ಬರುವುದಿಲ್ಲ. ತಾರಸಿ ತೋಟ ಮಾಡುವ ನಮ್ಮ ಬೀದಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತು. ಕುಂಬಳ, ಸೌತೆ ಬಳ್ಳಿಯಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ, ಹುಳು ಬರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಬೆಳಿಗ್ಗೆ ಎದ್ದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮುಟ್ಟಿಸುತ್ತಾ ನಿಲ್ಲುವವರು ನಮ್ಮಲ್ಲಿ ಮೂವರಿದ್ದಾರೆ. ಹುಳು ಮಾಡುತ್ತಿದ್ದ ಕೆಲಸ ನಾವು ಮಾಡುತ್ತಿದ್ದೇವೆ, ಎಷ್ಟು ಬಳ್ಳಿಗೆ ಅಂತ ಮಾಡೋಣ?

ಆದ್ದರಿಂದ ಪಾರ್ಕಿನವರಲ್ಲಿ ಒಂದು ವಿನಂತಿ. ಹುಲ್ಲು ಕತ್ತರಿಸುವ ಮಷೀನು ಬೇಲಿಯ ತನಕ ಓಡಿಸಬೇಡಿ. ಬೇಲಿ ಪಕ್ಕ ಎರಡು ಅಡಿ ಬಿಡಿ. ಅಲ್ಲಿ ತಾನಾಗಿ ತುಂಬೆ ಬರುತ್ತದೆ, ಅದರ ಬಿಳಿ ಹೂವಿಗೆ ಎಷ್ಟು ಜೇನು, ಎಷ್ಟು ಚಿಟ್ಟೆ ಅಂತ ಒಂದು ಬೆಳಿಗ್ಗೆ ಬಂದು ನೋಡಿ. ಕಳೆನಾಶಕ ಮಾತ್ರ ದಯವಿಟ್ಟು ಹೊಡೆಯಬೇಡಿ. ಬೀದಿಯವರಿಗೂ ಒಂದು ಮಾತು: ತುಳಸಿ ಹೂ ತೆನೆ ಅಷ್ಟೂ ಚಿವುಟಬೇಡಿ, ಎರಡು ಬಿಡಿ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳವನ್ನು ಕೊಲ್ಲಬೇಡಿ, ನಾಲ್ಕು ವಾರದಲ್ಲಿ ಅದು ಚಿಟ್ಟೆ.

ಈಗ ಮರ ಬೀಳುವ ವಿಷಯ, ಯಾಕಂದರೆ ನಮ್ಮ ಬೀದಿಯಲ್ಲೇ ಎಲ್ಲರೂ ನನ್ನ ಜೊತೆ ಇಲ್ಲ. ಮಳೆಗೆ ಮರ ಉರುಳಿ ಈ ಊರಿನಲ್ಲಿ ಜನ ಸತ್ತಿದ್ದಾರೆ. ಮನೆ ಮುಂದೆ ದೊಡ್ಡ ಮರ ಇರುವವರಿಗೆ ಏಪ್ರಿಲ್, ಮೇ ಸಂಜೆಗಳಲ್ಲಿ ಎದೆ ಢವಢವ ಅನ್ನುವುದು ಸಹಜ. ಅವರನ್ನು ಮರದ ಶತ್ರುಗಳು ಅಂತ ಬೈದು ನಾನೂ ಮೊದಲು ತಪ್ಪು ಮಾಡಿದ್ದೇನೆ. ನಮ್ಮ ಬೀದಿಯಲ್ಲಿ ಬಿದ್ದ ಎರಡು ಮರಗಳನ್ನು ನಾನು ಹತ್ತಿರದಿಂದ ನೋಡಿದೆ. ಒಂದಕ್ಕೆ ಚರಂಡಿ ತೋಡುವಾಗ ರಸ್ತೆ ಕಡೆಯ ಬೇರು ಅಷ್ಟೂ ಕತ್ತರಿಸಿದ್ದರು. ಇನ್ನೊಂದಕ್ಕೆ ತಂತಿಗೆ ತಗಲುತ್ತದೆ ಅಂತ ಒಂದೇ ಬದಿಯ ಕೊಂಬೆ ವರ್ಷ ವರ್ಷ ಕಡಿದು, ಇಡೀ ಭಾರ ಮನೆ ಕಡೆಗೆ ವಾಲಿತ್ತು. ಬುಡದ ಸುತ್ತ ಕಾಂಕ್ರೀಟು, ಒಂದು ಹನಿ ನೀರು ಇಳಿಯಲು ಜಾಗ ಇರಲಿಲ್ಲ. ಒಂದು ಕಾಲು ಕತ್ತರಿಸಿ, ಒಂದು ಹೆಗಲಿಗೆ ಭಾರ ಹೊರಿಸಿದರೆ ಮನುಷ್ಯನಾದರೂ ಎಷ್ಟು ಹೊತ್ತು ನಿಲ್ಲುತ್ತಾನೆ?

ಮರದ ಸುತ್ತ ಒಂದು ಮೀಟರ್ ಕಾಂಕ್ರೀಟು ಇರಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ವಿಚಾರದಲ್ಲಿ 2013ರಲ್ಲೇ ಹೇಳಿದೆ. ನಾವು ಹೋದ ವರ್ಷ ಎಂಜಿನಿಯರ್ ಒಬ್ಬರ ಒಪ್ಪಿಗೆ ಪಡೆದು ಐದು ಮರಗಳ ಸುತ್ತ ಹಾರೆ ಹಿಡಿದು ಒಡೆದೆವು. ಒಂದು ಮರದಲ್ಲಿ ಸಿಮೆಂಟು ಕಾಂಡದ ಒಳಗೇ ಹೂತುಹೋಗಿತ್ತು, ಮರ ದಪ್ಪಗಾಗುತ್ತಾ ಅದನ್ನು ನುಂಗಿಕೊಂಡಿತ್ತು. ಅದರ ಪಕ್ಕದಲ್ಲೇ ಟ್ಯೂಷನ್ ಬೋರ್ಡಿನ ಮೊಳೆಗಳು. ಐದು ಮರದಿಂದ ಒಂದು ಹಳೇ ಪೇಂಟ್ ಡಬ್ಬದ ಅರ್ಧ ಮೊಳೆ, ಸ್ಟೇಪಲ್ ಪಿನ್ನು ಕಿತ್ತೆವು. ಆ ಬಯಲಾದ ಮಣ್ಣಿಗೆ ನಮ್ಮ ಎಲೆಗೊಬ್ಬರ ಹಾಕಿದ್ದೇವೆ, ಮಳೆ ಬಂದಾಗ ನೀರು ಅಲ್ಲಿ ನಿಂತು ಇಳಿಯುವುದನ್ನು ನೋಡುವುದೇ ಒಂದು ಸಮಾಧಾನ.

ಕಾನೂನಿನ ಬಗ್ಗೆ ಒಂದೇ ಮಾತು. ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರಿಂದ ಇದೆ. ವಿನಾಯಿತಿ ಇರುವ ಕೆಲವು ಜಾತಿ ಬಿಟ್ಟರೆ, ಮರ ಅಧಿಕಾರಿಯ ಅನುಮತಿ ಇಲ್ಲದೆ ಕಡಿಯುವ ಹಾಗಿಲ್ಲ, ಸ್ವಂತ ಕಾಂಪೌಂಡಿನ ಮರವೂ ಸೇರಿ. 50ಕ್ಕಿಂತ ಜಾಸ್ತಿ ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಒಳ್ಳೆಯದೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಕಟ್ಟಲು ಹೊರಟಿದ್ದ ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುತ್ತವೆ ಅಂದಾಗ 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಕೈ ಕೈ ಹಿಡಿದು ರಸ್ತೆ ಬದಿ ನಿಂತರು, ನಾನೂ ನನ್ನ ಮಗಳೂ ನಿಂತಿದ್ದೆವು, ಮುಂದಿನ ಮಾರ್ಚ್‌ನಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಆದರೆ ನಮ್ಮ ಬೀದಿಯ ಮರಗಳು 812ರ ಲೆಕ್ಕದಲ್ಲಿ ಹೋಗಲಿಲ್ಲ. ಒಂದು, ಮತ್ತೊಂದು, ಮತ್ತೊಂದು ಅಂತ ಹೋದವು. ಭಾನುವಾರ ಬೆಳಿಗ್ಗೆ ಗರಗಸದ ಸದ್ದು ಕೇಳಿ ಓಡಿ ಹೋದರೆ ಅರ್ಧ ಮರ ಆಗಲೇ ಟೆಂಪೋದಲ್ಲಿ. ಅನುಮತಿ ಪತ್ರ ತೋರಿಸಿ ಅಂದರೆ "ಆಫೀಸಿನಲ್ಲಿದೆ" ಅನ್ನುತ್ತಾರೆ. ಹಾಗಾಗಿ ಒಂದೇ ಒಂದು ಮರ ಆದರೂ, ಅನುಮತಿ ಪತ್ರದ ಪ್ರತಿಯನ್ನು ಕಡಿಯುವ ಏಳು ದಿನ ಮುಂಚೆ ಆ ಮರಕ್ಕೇ ದಾರದಲ್ಲಿ ಕಟ್ಟಿ. ಮೊಳೆ ಹೊಡೆಯಬೇಡಿ. ಯಾರು ಕೇಳಿದ್ದು, ಯಾಕೆ, ಬದಲಿಗೆ ಯಾವ ಗಿಡ ಎಲ್ಲಿ ನೆಡುತ್ತಾರೆ, ಇಷ್ಟು ಅದರಲ್ಲಿರಲಿ. ನಿಜವಾಗಿ ಅಪಾಯ ಇರುವ ಮರವನ್ನು ನಾವೂ ಬೇಡ ಅನ್ನಲ್ಲ.

1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಈ ಊರಿಗೆ 15 ಲಕ್ಷ ಗಿಡ ನೆಟ್ಟರು. ಇವತ್ತು ನಾವು ಅನುಭವಿಸುವ ಬೀದಿ ನೆರಳಿನಲ್ಲಿ ಬಹಳಷ್ಟು ಆಗಿನದ್ದು. ಸರ್ಕಾರಿ ಕುರ್ಚಿಯಲ್ಲಿ ಕೂತವರೇ ಅದನ್ನು ಮಾಡಿದ್ದು. ಅದಕ್ಕೇ ನಿಮ್ಮ ಮೇಲೆ ನನಗೆ ಇನ್ನೂ ನಂಬಿಕೆ ಇದೆ, ಇಲ್ಲದಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ನಮ್ಮ ಕಡೆಯಿಂದ ಏನು ಕೊಡುತ್ತೇವೆ ಅಂತಲೂ ಹೇಳಿಬಿಡುತ್ತೇನೆ. ಎಲೆ ಜಾಲರಿ ನಮ್ಮದು, ಸಗಣಿ ತರುವುದು ನಮ್ಮ ಕೆಲಸ, ವಾರಕ್ಕೆರಡು ಸಲ ನೀರು ಹಾಕುವ ಪಾಳಿ 14 ಮನೆಯವರು ಹಂಚಿಕೊಂಡಿದ್ದೇವೆ. ಗುಡಿಸುವ ಅಕ್ಕಂದಿರಿಗೆ ಎಲೆ ತುಂಬಲು ಗೋಣಿಚೀಲ ನಾವು ಹೊಲಿಸಿ ಕೊಡುತ್ತೇವೆ. ಗೊಬ್ಬರದಲ್ಲಿ ಅರ್ಧ ಪಾರ್ಕಿಗೆ. ವಾಸನೆ ಬಂತು, ಇಲಿ ಬಂತು ಅಂತ ಒಂದು ದೂರು ಬಂದರೂ ನಾವೇ ತೆರವು ಮಾಡುತ್ತೇವೆ ಅಂತ ಸಹಿ ಹಾಕಿಕೊಡುತ್ತೇವೆ. ಅಡುಗೆ ಮನೆಯ ಹಸಿ ಕಸ ಅದಕ್ಕೆ ಹಾಕುವುದಿಲ್ಲ, ಎಲೆ ಮಾತ್ರ, ಆದ್ದರಿಂದ ಇಲಿ ಬರುವ ಪ್ರಶ್ನೆಯೂ ಕಡಿಮೆ.

ಹೊಸ ವರ್ಷ ಬಂದ ಕೂಡಲೇ ಎಲೆ ಉದುರುವುದು ಶುರುವಾಗುತ್ತದೆ. ಅದಕ್ಕೆ ಮುಂಚೆ, ಡಿಸೆಂಬರ್ ಒಳಗೆ, ಪಂಪ್‌ಹೌಸ್ ಪಕ್ಕದ ಆ ಹತ್ತಡಿ ಜಾಗಕ್ಕೆ ನಿಮ್ಮ ಎರಡೂ ವಿಭಾಗದವರು ಒಂದೇ ಕಾಗದದಲ್ಲಿ ಸಹಿ ಹಾಕಿ ಕೊಡಿ. ಆ ಅಕ್ಕ ಈಗಲೂ ನಮ್ಮ ಬೀದಿಯಲ್ಲೇ ಗುಡಿಸುತ್ತಾರೆ, ಎಲ್ಲಿಗೆ ಹಾಕಲಿ ಅಂತ ಮೊನ್ನೆಯೂ ಕೇಳಿದರು.

ಇಂತಿ,
ನಿಮ್ಮ ವಾರ್ಡಿನ ಒಬ್ಬ ನಿವಾಸಿ, ಜೊತೆಗೆ 14 ಮನೆಯವರು